ಮಗ್ಗ ನಿಂತ ಹೊತ್ತು

ಗುಳೇದಗುಡ್ಡದ ರಾಚಪ್ಪನ ಮನೆಯಲ್ಲಿ ಸೊಸೆ ಸುನಂದಾಳ ದನಿ ಹೋದದ್ದು ಮೇ ತಿಂಗಳ ಒಂದು ರವಿವಾರ ಬೆಳಿಗ್ಗೆ. ಅದು ಹೋಗಿದೆಯೆಂದು ಮನೆಯವರು ಒಪ್ಪಿಕೊಂಡದ್ದು ಇಪ್ಪತ್ತು ದಿನಗಳ ಮೇಲೆ. ಅಲ್ಲಿಯವರೆಗೆ ಎಲ್ಲರೂ ಅದನ್ನು ಮುನಿಸೆಂದೇ ತಿಳಿದಿದ್ದರು.

ಹಾಗೆ ತಿಳಿಯುವುದಕ್ಕೆ ಕಾರಣವೂ ಇತ್ತು. ಅದು ಕುಪ್ಪಸದ ಖಣ ನೇಯುವ ಮನೆ. ಪಡಸಾಲೆಯಲ್ಲಿ, ನೆಲದ ಕುಣಿಯಲ್ಲಿ ಕಾಲಿಳಿಸಿ ತುಳಿದು ನೇಯುವ ಎರಡು ಕುಣಿಮಗ್ಗಗಳು. ಒಂದರಲ್ಲಿ ಅರವತ್ತೆಂಟು ವರ್ಷದ ರಾಚಪ್ಪ ಕೂಡುತ್ತಿದ್ದ, ಇನ್ನೊಂದರಲ್ಲಿ ಮಧ್ಯಾಹ್ನದವರೆಗೆ ಅವನ ಮಗ ವಿಜಯಮಹಾಂತೇಶ. ಮಧ್ಯಾಹ್ನದ ಮೇಲೆ ಮಗ ನೇಯ್ದ ಖಣಗಳ ಗಂಟು ಕಟ್ಟಿಕೊಂಡು ಬಾಗಲಕೋಟೆ, ಬದಾಮಿ, ಹುನಗುಂದಗಳ ಅಂಗಡಿಗಳಿಗೆ ಮೋಟಾರ್‌ಸೈಕಲ್ಲಿನ ಮೇಲೆ ಹೋಗುತ್ತಿದ್ದ. ಆದರೆ ನಾಲ್ಕು ವರ್ಷಗಳಿಂದ ಈ ಎಲ್ಲ ಅಂಗಡಿಗಳಿಗಿಂತ ಹೆಚ್ಚು ಖಣ ಮಾರಿದವಳು ಅವನ ಹೆಂಡತಿ ಸುನಂದಾ. ಪ್ರತಿ ಶನಿವಾರ ಸಂಜೆ ಅವಳು ಮಾವನ ಮಗ್ಗದ ಮುಂದೆ ಕುಳಿತು, ಫೋನನ್ನು ಸ್ಟ್ಯಾಂಡಿಗೆ ಸಿಕ್ಕಿಸಿ, ಲೈವ್‌ನಲ್ಲಿ ಒಂದೊಂದೇ ಖಣ ಬಿಚ್ಚಿ ತೋರಿಸುತ್ತಿದ್ದಳು. ಅವಳ ಪೇಜಿಗೆ ಹನ್ನೊಂದು ಸಾವಿರ ಜನ ಸೇರಿದ್ದರು. ಬೆನ್ನ ಹಿಂದೆ ಕುಣಿಮಗ್ಗದ ಸಪ್ಪಳ. ಗೋಡೆಯ ಆಚೆ ನೆರೆಮನೆಯ ಜಲಾಲುದ್ದೀನನ ನಾಲ್ಕು ಪವರ್‌ಲೂಮುಗಳ ಗದ್ದಲ. ಇವೆಲ್ಲದರ ಮೇಲೆ ತನ್ನ ದನಿಯನ್ನು ಎತ್ತಿ ಹಿಡಿದು ಅವಳು ಎರಡೆರಡು ತಾಸು ಮಾತನಾಡುತ್ತಿದ್ದಳು.

ದನಿ ಹೋಗುವ ಹಿಂದಿನ ದಿನ, ಶನಿವಾರ, ಮಾತು ಮೂರು ತಾಸಿಗೆ ಹೋಯಿತು. ಅಡಿಗೆಮನೆಯಲ್ಲಿ ರೊಟ್ಟಿಯ ಹಿಟ್ಟು ಹಾಗೆಯೇ ಇತ್ತು. ಅತ್ತೆ ನೀಲಾಬಾಯಿ ಬಾಗಿಲಲ್ಲಿ ಬಂದು ನಿಂತಳು. ಹರೆಯದಲ್ಲಿ ಇಪ್ಪತ್ತು ವರ್ಷ ಪವರ್‌ಲೂಮಿನ ಶೆಡ್ಡಿನಲ್ಲಿ ದುಡಿದು ಅವಳಿಗೆ ಕಿವಿ ಪೂರಾ ಹೋಗಿದ್ದವು. ಎದುರಿಗಿದ್ದವರ ತುಟಿ ನೋಡಿ ಮಾತು ತಿಳಿಯುತ್ತಿದ್ದಳು. ತನ್ನ ಮಾತು ಎಷ್ಟು ಜೋರಾಗಿದೆ ಎಂಬುದು ಮಾತ್ರ ಅವಳಿಗೆ ತಿಳಿಯುತ್ತಿರಲಿಲ್ಲ.

"ಊರ ಮಂದಿಗೆಲ್ಲಾ ಬಾಯಿ ಕೊಟ್ಟ ಕೂತಾಳ ಇಕಿ," ಎಂದಳು ಅವಳು. "ಮನ್ಯಾನವರ ಬಾಯಿಗೆ ಯಾರು ಕೊಡಬೇಕು?"

ಮುನ್ನೂರು ಜನ ಆ ಮಾತನ್ನು ಕೇಳಿದರು. ಕೆಲವರು ನಗೆಯ ಚಿತ್ರಗಳನ್ನು ಕಳಿಸಿದರು. ಸುನಂದಾ ಲೈವ್ ಮುಚ್ಚಿ ಎದ್ದು, ಹದಿನೇಳು ವರ್ಷಗಳಲ್ಲಿ ಆಡದೆ ಉಳಿಸಿಕೊಂಡಿದ್ದನ್ನೆಲ್ಲ ಅರ್ಧ ತಾಸಿನಲ್ಲಿ ಆಡಿ ಮುಗಿಸಿದಳು. ಕೇಳಿಸದಿದ್ದರೂ ನೀಲಾಬಾಯಿ ಅದರಲ್ಲಿ ಒಂದು ಮಾತನ್ನೂ ಬಿಡದೆ ಅವಳ ತುಟಿಗಳಿಂದ ಓದಿಕೊಂಡಳು. ಮರುದಿನ ಸುನಂದಾ ಎದ್ದು ಬಾಯಿ ತೆರೆದರೆ ಗಾಳಿ ಹೊರಟಿತೇ ಹೊರತು ದನಿ ಬರಲಿಲ್ಲ.

ಅರಿಸಿನದ ಹಾಲು ಕುಡಿದಳು, ಜ್ಯೇಷ್ಠಮಧು ಅಗಿದಳು, ಮೆಡಿಕಲ್ಲಿನವನು ಕೊಟ್ಟ ಗುಳಿಗೆ ನುಂಗಿದಳು. ಬೇಕಾದದ್ದನ್ನು ಪಿಸುಮಾತಿನಲ್ಲಿ ಕೇಳುತ್ತಿದ್ದಳು. "ಮಾತು ಬಿಟ್ಟಾಳ," ಎಂದು ನೀಲಾಬಾಯಿ ಓಣಿಯವರಿಗೆ ಹೇಳಿದಳು. "ಬಿಡ್ಲಿ. ಮೊದಲಾದರೂ ನನಗ ಕೇಳಸ್ತಿತ್ತೇನು?"

ಇಪ್ಪತ್ತನೆಯ ದಿನ ಮಗಳು ದಾನೇಶ್ವರಿ ಕಾಲೇಜಿಗೆ ಹೊರಟು ಓಣಿಗೆ ಇಳಿದಾಗ ಒಂದು ಟ್ರ್ಯಾಕ್ಟರ್ ಹಿಂದಕ್ಕೆ ಬರುತ್ತಿತ್ತು. ಹುಡುಗಿ ಫೋನು ನೋಡುತ್ತಿದ್ದಳು. ಮೆಟ್ಟಿಲ ಮೇಲಿದ್ದ ಸುನಂದಾ ಕೂಗಲು ಬಾಯಿ ತೆರೆದಳು, ಏನೂ ಬರಲಿಲ್ಲ. ಕೈಯಲ್ಲಿದ್ದ ತಾಮ್ರದ ಬಿಂದಿಗೆಯನ್ನು ಕಲ್ಲಿಗೆ ಅಪ್ಪಳಿಸಿದಳು. ಆ ಸಪ್ಪಳಕ್ಕೆ ದಾನೇಶ್ವರಿ ತಿರುಗಿ ನೋಡಿ ಸರಿದು ನಿಂತಳು. ಅಂದು ಅವಳು ಕಾಲೇಜಿಗೆ ಹೋಗಲಿಲ್ಲ. ನೆಗ್ಗಿದ ಬಿಂದಿಗೆಯನ್ನು ಎತ್ತಿಕೊಂಡು ಅಜ್ಜನ ಮಗ್ಗದ ಮುಂದೆ ಇಟ್ಟು, "ಅಜ್ಜಾ, ಅವ್ವಗ ಸಿಟ್ಟಲ್ಲ, ಜಡ್ಡು," ಎಂದಳು.

ಬಾಗಲಕೋಟೆಯ ದವಾಖಾನೆಯಲ್ಲಿ ಡಾಕ್ಟರು ಮೂಗಿನೊಳಗಿಂದ ಸಣ್ಣ ಕ್ಯಾಮರಾ ಇಳಿಸಿ ನೋಡಿದರು. ಗಂಟಿಲ್ಲ, ಹುಣ್ಣಿಲ್ಲ, ದನಿಯ ತಂತುಗಳು ಚೊಕ್ಕವಾಗಿವೆ ಎಂದರು; ಆದರೆ ಅವುಗಳ ಸುತ್ತಲಿನ ಸ್ನಾಯುಗಳು ಮುಷ್ಟಿ ಕಟ್ಟಿದಂತೆ ಬಿಗಿದಿವೆ, ವರ್ಷಗಟ್ಟಲೆ ಗದ್ದಲದ ಮೇಲೆ ಕೂಗಿದ್ದರ ಫಲವಿದು, ಇದಕ್ಕೆ ಗುಳಿಗೆ ಇಲ್ಲ, ತರಬೇತಿ ಬೇಕು. ಹುಬ್ಬಳ್ಳಿಯಲ್ಲಿ ಖುಶನುಮಾ ಎಂಬ ದನಿಯ ಚಿಕಿತ್ಸಕಿ ಹಾಡಿನ ಮೂಲಕ ಇದನ್ನು ಸಡಿಲಿಸುತ್ತಾರೆ, ಫೋನಿನ ವಿಡಿಯೊದಲ್ಲಿಯೇ ಕಲಿಸುತ್ತಾರೆ ಎಂದು ನಂಬರು ಬರೆದುಕೊಟ್ಟರು.

ಆ ಸಂಜೆ ಊಟಕ್ಕೆ ಕುಳಿತಾಗ ವಿಜಯಮಹಾಂತೇಶ ಚೀಟಿಯನ್ನು ತಾಟಿನ ಪಕ್ಕದಲ್ಲಿಟ್ಟುಕೊಂಡಿದ್ದ.

"ಗಂಟಿಲ್ಲ, ಗಾಯಿಲ್ಲ. ಮತ್ತೇನೈತಿ? ಹಾಡು ಹೇಳಿದ್ರ ವಾಸಿ ಆಗೂ ಜಡ್ಡು ಎಲ್ಲಿದಪಾ ಇದು?"

"ಬಿಗಿ ಐತಿ ಅಂದಾರಲ್ಲೋ," ಎಂದ ರಾಚಪ್ಪ.

"ನನಗೂ ಬಿಗಿನ ಐತಿ ಯಪ್ಪಾ. ಪಂಚಮಿ ಎರಡು ತಿಂಗಳೈತಿ. ದಾನೇಶ್ವರಿ ಲೈವಿಗೆ ಕೂತ್ರ ಎಲ್ಲಾರೂ 'ಅಕ್ಕ ಎಲ್ಲಿ, ಅಕ್ಕ ಎಲ್ಲಿ' ಅಂತ ಕೇಳಿ ಹೋಗಿಬಿಡ್ತಾರ."

ನಾಗರಪಂಚಮಿಗೆ ತವರಿಗೆ ಬರುವ ಹೆಣ್ಣುಮಕ್ಕಳಿಗೆಲ್ಲ ಕುಪ್ಪಸದ ಖಣ ಕೊಡುವುದು ಆ ಸೀಮೆಯ ರೂಢಿ. ಮನೆಯ ವರ್ಷದ ವ್ಯಾಪಾರ ಬಹುಪಾಲು ಆ ಒಂದು ಹಬ್ಬದ ಮೇಲೆ ನಿಂತಿತ್ತು. ಇಳಕಲ್ಲಿನ ಸೀರೆ ವ್ಯಾಪಾರಿ ನಾಗಲಿಂಗ ಮನೆಯ ಅಷ್ಟೂ ಖಣವನ್ನು ತಾನೇ ಕೊಳ್ಳಲು ಸಿದ್ಧನಿದ್ದ. ಆದರೆ ಖಣದ ಜೊತೆಗೆ ಸುನಂದಾಳ ಪೇಜನ್ನೂ ಕೇಳಿದ್ದ. ತನ್ನ ಅಂಗಡಿಯಲ್ಲಿ ಇಬ್ಬರು ಹುಡುಗಿಯರನ್ನು ಕೂರಿಸಿ ಅದನ್ನು ನಡೆಸುವುದು ಅವನ ವಿಚಾರ. ವಿಜಯಮಹಾಂತೇಶ ಇದನ್ನು ಎಲ್ಲರೆದುರು ಹೇಳಿ, ಪಂಚಮಿಯ ಹಿಂದಿನ ಶನಿವಾರದವರೆಗೆ ನೋಡೋಣ, ದನಿ ಬರದಿದ್ದರೆ ಪೇಜು ಕೊಟ್ಟುಬಿಡೋಣ ಎಂದ.

ಸುನಂದಾ ಎಂಜಲ ಕೈಯಲ್ಲಿಯೇ ಎದ್ದು ಹೋಗಿ, ಕೈ ತೊಳೆದು, ಮಗಳ ನೋಟ್‌ಬುಕ್ಕಿನ ಹಾಳೆಯೊಂದನ್ನು ತಂದು ಅವನ ಮುಂದಿಟ್ಟಳು. ಅದರಲ್ಲಿ ಎರಡೇ ಶಬ್ದಗಳಿದ್ದವು: ಪೇಜು ನಂದು.

"ನಿಂದ ಐತಿ. ಯಾರು ಅಲ್ಲಂದ್ರು?" ಎಂದ ವಿಜಯಮಹಾಂತೇಶ ಮೆತ್ತಗೆ. "ಮಾತಾಡಾವ್ರು ಯಾರು ಹೇಳು."

ಕಲಿಕೆಗೆ ವೇಳೆ ಗೊತ್ತುಮಾಡುವುದೇ ಕಷ್ಟವಾಯಿತು. ಮನೆಯಲ್ಲಿ ಹಗಲೆಲ್ಲ ಮಗ್ಗದ ಸಪ್ಪಳ, ಗೋಡೆಯಾಚೆ ರಾತ್ರಿ ಹತ್ತರವರೆಗೆ ಪವರ್‌ಲೂಮು. ವಾರದಲ್ಲಿ ಒಂದೇ ಹೊತ್ತು ಪೂರಾ ಸದ್ದಡಗುತ್ತಿತ್ತು: ಶುಕ್ರವಾರ ಮಧ್ಯಾಹ್ನ ಜಲಾಲುದ್ದೀನ ಮಗ್ಗ ನಿಲ್ಲಿಸಿ ನಮಾಜಿಗೆ ಹೋಗುವಾಗ. ಹೀಗಾಗಿ ಶುಕ್ರವಾರ ಒಂದೂಕಾಲು ಗಂಟೆ ಎಂದು ಗೊತ್ತಾಯಿತು. ಶುಲ್ಕವನ್ನು ರಾಚಪ್ಪನೇ ಕೊಟ್ಟ. ಆ ಹೊತ್ತಿಗೆ ಅವನು ತಾನೂ ಮಗ್ಗದಿಂದೆದ್ದು ಹೊರಗೆ ಕಟ್ಟೆಯ ಮೇಲೆ ಕೂಡುತ್ತಿದ್ದ.

ಖುಶನುಮಾ ಮೂವತ್ತು ವರ್ಷದ ಒಳಗಿನ ಹೆಣ್ಣುಮಗಳು. ಮೊದಲ ದಿನವೇ ಸುನಂದಾಳ ಪಿಸುಮಾತು ಕೇಳಿ ಕೈ ಅಡ್ಡ ಹಿಡಿದಳು.

"ಅಕ್ಕಾರ, ಇದನ್ನ ಇವತ್ತಿಂದ ಬಿಡ್ರಿ. ಪಿಸುಮಾತು ಅಂದ್ರ ಗಂಟಲಿಗೆ ವಿಶ್ರಾಂತಿ ಅಲ್ರಿ. ಒದರೋದಕ್ಕ ಎಷ್ಟು ಬಿಗೀತದೋ ಇದಕ್ಕೂ ಅಷ್ಟ ಬಿಗೀತದ. ಒಂದೋ ದನಿ, ಇಲ್ಲಾ ಸುಮ್ಮನ. ನಡುವಿನ ದಾರಿ ಇಲ್ಲ."

ಹಾಗೆ ನೋಡಿದರೆ ನಾಲ್ಕು ವಾರ ಸುನಂದಾ ನಡುವಿನ ದಾರಿಯಲ್ಲಿಯೇ ನಡೆದಿದ್ದಳು. ಅದಕ್ಕೆ ಮನೆಯ ರೂಢಿಯೂ ಕಾರಣ. ಕಿವಿ ಕೇಳದ ಅತ್ತೆಗೆ ದನಿ ಇಲ್ಲದೆ ಬರಿಯ ತುಟಿಯಾಡಿಸಿ ಹೇಳುವುದನ್ನು ಮದುವೆಯಾದ ವರ್ಷವೇ ಕಲಿತಿದ್ದಳು. ದನಿ ಹೋದ ಮೇಲೆ ಎಲ್ಲರೊಡನೆಯೂ ಅದನ್ನೇ ಮಾಡಿದ್ದಳು.

ಅರ್ಧ ಲೋಟ ನೀರಿನಲ್ಲಿ ಕೊಳವೆ ಅದ್ದಿ, ಗುಳ್ಳೆ ಎಬ್ಬಿಸುತ್ತ 'ಊ' ಎನ್ನಬೇಕು; ತುಟಿಗಳನ್ನು ಮೋಟಾರಿನಂತೆ ಬುರ್ರೆನ್ನಿಸಬೇಕು; ಬಾಯಿ ಮುಚ್ಚಿ ಮೂಗಿನಲ್ಲಿ ಗುನುಗಬೇಕು. ಕಬ್ಬಿನಹಾಲಿನ ಅಂಗಡಿಯಿಂದ ದಾನೇಶ್ವರಿ ಕೊಳವೆ ತಂದಳು. ಔಷಧವೋ ಆಟವೋ ಎಂದು ರಾಚಪ್ಪ ಕಿಟಕಿಯಿಂದ ಇಣುಕಿದ. ಗುಳ್ಳೆ ಬಂದವು, ದನಿ ಬರಲಿಲ್ಲ. ಯಾವುದಾದರೂ ಹಾಡು ಬರುತ್ತದೆಯೇ ಎಂದು ಖುಶನುಮಾ ಕೇಳಿದ್ದಕ್ಕೆ ಸುನಂದಾ ಇಲ್ಲವೆಂದು ತಲೆಯಾಡಿಸಿದಳು. ಶಾಲೆಯಲ್ಲಿ ಪ್ರಾರ್ಥನೆಗೆ ಅವಳನ್ನು ಹಿಂದಿನ ಸಾಲಿಗೆ ನಿಲ್ಲಿಸುತ್ತಿದ್ದರು.

ಎರಡನೆಯ ಶುಕ್ರವಾರ ಇನ್ನೊಂದು ತೊಡಕು ಬಂತು. ತಾನು ಎದುರಿಗಿದ್ದಿದ್ದರೆ ಕುತ್ತಿಗೆ ಮುಟ್ಟಿ ನೋಡುತ್ತಿದ್ದೆ, ಎಲ್ಲಿ ಬಿಗಿ ಇದೆ, ಗುನುಗುವಾಗ ಎಲ್ಲಿ ನಡುಗುತ್ತದೆ ಎಂದು ತಿಳಿಯಬೇಕು, ಮನೆಯಲ್ಲಿ ಯಾರನ್ನಾದರೂ ಕರೆಯಿರಿ ಎಂದಳು ಖುಶನುಮಾ. ದಾನೇಶ್ವರಿ ಕಾಲೇಜಿನಲ್ಲಿದ್ದಳು, ವಿಜಯಮಹಾಂತೇಶ ಬದಾಮಿಯಲ್ಲಿ. ಮಾವ ಸೊಸೆಯ ಕುತ್ತಿಗೆ ಮುಟ್ಟುವಂತಿಲ್ಲ. ಉಳಿದವಳು ಒಬ್ಬಳೇ. ಆ ಶನಿವಾರದ ಜಗಳದ ನಂತರ ಅತ್ತೆ-ಸೊಸೆ ಒಬ್ಬರ ಮುಖ ಒಬ್ಬರು ನೇರವಾಗಿ ನೋಡಿರಲಿಲ್ಲ. ನೋಡದಿದ್ದರೆ ನೀಲಾಬಾಯಿಯೊಡನೆ ಮಾತೂ ಇಲ್ಲ. ಸುನಂದಾ ಎದ್ದು ಹೋಗಿ ಹಿತ್ತಲಲ್ಲಿ ಲಾಳಿಯೊಳಗಿನ ಕಂಡಿಕೆಗೆ ನೂಲು ಸುತ್ತುತ್ತಿದ್ದ ಅತ್ತೆಯ ಭುಜ ಮುಟ್ಟಿದಳು.

ನೀಲಾಬಾಯಿ ಕಣ್ಣಿಗೆ ಚಾಳೀಸು ಏರಿಸಿ ಫೋನಿಗೆ ಮೂಗು ತಾಗುವಷ್ಟು ಬಾಗಿದಳು. ಖುಶನುಮಾ ಮೊದಲಿನಿಂದ ಹೇಳಿದಳು.

"ಬಾಯಿ ಚೊಲೋ ಐತಿ ಈ ಹುಡುಗೀದು," ಎಂದಳು ನೀಲಾಬಾಯಿ. "ಒಡದು ಮಾತಾಡ್ತೈತಿ. ನನ್ನ ಮಗ ಮಾಂತು ಅಡಕಿ ಹಾಕ್ಕೊಂಡಾಂಗ ಆಡ್ತಾನ."

ಮಗ್ಗದ ಮನೆಯಲ್ಲಿ ಕೆಚ್ಚುವ ಕೆಲಸ ಅವಳದು. ಮಗ್ಗದ ಉದ್ದಕ್ಕೆ ಬಿಗಿದ ಹಾಸು ಮುಗಿಯುತ್ತ ಬಂದಾಗ ಅದರ ತುದಿಗೆ ಹೊಸ ಹಾಸಿನ ಎಳೆಗಳನ್ನು ಒಂದೊಂದಾಗಿ, ಸಾವಿರಾರು ಎಳೆಗಳನ್ನು, ಬೂದಿ ಹಚ್ಚಿದ ಬೆರಳಿನಿಂದ ಹೊಸೆದು ಕೂಡಿಸುವುದು. ಬಿಗಿ ಹೆಚ್ಚಾದರೆ ಎಳೆ ಹರಿಯುತ್ತದೆ, ಸಡಿಲಾದರೆ ಬಟ್ಟೆ ಸುಕ್ಕಾಗುತ್ತದೆ; ಅದನ್ನು ಕಣ್ಣಿಗಿಂತ ಮೊದಲು ಬೆರಳು ತಿಳಿಯಬೇಕು. ಆ ಬೆರಳುಗಳನ್ನು ಸೊಸೆಯ ಗಂಟಲಿನ ಎರಡೂ ಬದಿಗೆ ಇಟ್ಟ ಕ್ಷಣವೇ ಅವಳ ಹುಬ್ಬು ಗಂಟಿಕ್ಕಿದವು.

"ಅಯ್ಯ, ಇದು ಹರಿಯೂ ಹಾಸು," ಎಂದಳು. "ಇಷ್ಟು ಬಿಗಿ ಇಟ್ಕೊಂಡು ಹ್ಯಾಂಗ ನುಂಗ್ತಿ ನೀ? ಬಿಡು. ದವಡಿ ಬಿಡು ಮೊದಲ."

ಸುನಂದಾ ದವಡೆ ಇಳಿಬಿಟ್ಟಳು. ಖುಶನುಮಾ ಹೇಳಿದಂತೆ ಮೂಗಿನಲ್ಲಿ ಗುನುಗಿದಳು. ಗಾಳಿ, ಮತ್ತೆ ಗಾಳಿ. ನೀಲಾಬಾಯಿಯ ಬೆರಳು ಕೆಳಗಿಳಿದು ಎದೆಯ ಮೇಲಿನ ಮೂಳೆಯ ಹತ್ತಿರ ನಿಂತವು. ನಾಲ್ಕನೆಯ ಸಲ ಅವಳು ತಟಕ್ಕನೆ ಕೈ ಎತ್ತಿದಳು.

"ಬಂತು."

ಫೋನಿನಲ್ಲಿ ಅದು ಇನ್ನೂ ಕೇಳಿಸಿರಲಿಲ್ಲ. ಐದನೆಯ ಸಲ ಖುಶನುಮಾಗೂ ಕೇಳಿಸಿತು: ತಂಬಿಗೆಯೊಳಗೆ ಸಿಕ್ಕಿಬಿದ್ದ ಜೇನುಹುಳದಂತಹ ಒಂದು ಸಣ್ಣ ನಾದ.

ಮುಂದಿನ ವಾರ ಹಾಡು ಸಿಕ್ಕಿತು. ಖುಶನುಮಾ ಪಾಠ ಶುರುಮಾಡುವಾಗ ನೀಲಾಬಾಯಿ ಹಿಂದೆ ಕುಳಿತು ಮಡಿಸಿದ ಖಣಗಳನ್ನು ಎಣಿಸುತ್ತಿದ್ದಳು. ಕಾಳು ಅಳೆಯುವಾಗಲೂ ಖಣ ಎಣಿಸುವಾಗಲೂ ಆ ಮನೆಯಲ್ಲಿ 'ಒಂದು' ಎನ್ನುವುದಿಲ್ಲ; ಶುಭವಾಗಲೆಂದು 'ಲಾಭ' ಎಂದು ಆರಂಭಿಸುತ್ತಾರೆ. ನೀಲಾಬಾಯಿ ಅದನ್ನು ತನ್ನ ತಾಯಿಯ ರಾಗದಲ್ಲಿ ಎಳೆದು ಎಣಿಸುತ್ತಿದ್ದಳು. ಕಿವಿ ಹೋಗಿ ಎಷ್ಟೋ ವರ್ಷವಾದರೂ ರಾಗ ಹೋಗಿರಲಿಲ್ಲ: ಲಾಭಾ ಎಂದು ಮೇಲೇರಿ, ಎರಡಾ ಎಂದು ಇಳಿದು, ಮೂರಕ್ಕೆ ಮತ್ತೆ ಏರುವುದು.

"ಅದೇನ್ರಿ ಅಕ್ಕಾರ, ಹಿಂದ ಯಾರು ಹಾಡಾಕತ್ತಾರ?" ಎಂದು ಖುಶನುಮಾ ಕೇಳಿದಳು. ದಾನೇಶ್ವರಿ, ಅಂದು ಕಾಲೇಜಿಗೆ ರಜೆಯಿದ್ದುದರಿಂದ ಮನೆಯಲ್ಲಿದ್ದವಳು, ಅದು ಹಾಡಲ್ಲ, ಅಜ್ಜಿಯ ಲೆಕ್ಕ ಎಂದು ನಕ್ಕಳು. "ಹಾಡಲ್ದ ಮತ್ತೇನದು?" ಎಂದಳು ಖುಶನುಮಾ. "ಅದನ್ನ ಹಿಡೀರಿ. ಮೂಗಿನ ನಾದದಿಂದ ಶುರು ಮಾಡಿ, ಲಾ ಅಂತ ಬಾಯಿ ತೆರೀರಿ."

ಆಷಾಢವೆಲ್ಲ ಆ ಮನೆಯಲ್ಲಿ ಎಣಿಕೆ ನಡೆಯಿತು. ಸುನಂದಾ ರೊಟ್ಟಿ ತಟ್ಟುವಾಗ ಎಣಿಸಿದಳು, ಒಗೆದ ಅರಿವೆ ಹಿಂಡುವಾಗ ಎಣಿಸಿದಳು, ಸಂಡಿಗೆ ಎತ್ತಿಡುವಾಗ ಎಣಿಸಿದಳು. ಹತ್ತರವರೆಗೆ ರಾಗದಲ್ಲಿ, ಹನ್ನೊಂದನ್ನು ಮಾತಿನಲ್ಲಿ; ಆಮೇಲೆ ಐದರವರೆಗೆ ರಾಗ, ಉಳಿದದ್ದು ಮಾತು. ದನಿ ಮುರಿದಾಗ ಮತ್ತೆ ರಾಗಕ್ಕೆ ಏರಬೇಕು. ನೀಲಾಬಾಯಿ ಎಲ್ಲಿಂದಲೋ ಬಂದು ಹಿಟ್ಟಿನ ಕೈಯಲ್ಲೇ ಸೊಸೆಯ ಕುತ್ತಿಗೆ ಮುಟ್ಟಿ, "ಬಿಗಿ ಆತು," ಎಂದು ಹೋಗುತ್ತಿದ್ದಳು. ಜಗಳದ ಮಾತನ್ನು ಇಬ್ಬರೂ ಎತ್ತಲಿಲ್ಲ. ಒಮ್ಮೆ ಮಾತ್ರ, ಮೆಣಸಿನಕಾಯಿ ತೊಟ್ಟು ತೆಗೆಯುವಾಗ, ನೀಲಾಬಾಯಿ ತಲೆಯೆತ್ತದೆ ಹೇಳಿದಳು: "ಅವತ್ತು ಅಷ್ಟು ಮಂದಿ ಕೇಳತಾರಂತ ನನಗ ಗೊತ್ತಿರಲಿಲ್ಲ." ಸುನಂದಾ ಉತ್ತರ ಕೊಟ್ಟಳು, ಅತ್ತೆ ತಲೆಯೆತ್ತಿರದ ಕಾರಣ ಆ ಉತ್ತರ ಅವಳಿಗೆ ಮುಟ್ಟಲಿಲ್ಲ.

ಕಲಿಕೆಯ ಏಳನೆಯ ವಾರಕ್ಕೆ ಸುನಂದಾ ಮನೆಯಲ್ಲಿ ಮಾತನಾಡುತ್ತಿದ್ದಳು. ದನಿ ಮೊದಲಿನದಾಗಿರಲಿಲ್ಲ, ಕೆಳಗಿನದು, ಮೆತ್ತಗಿನದು. ಪಂಚಮಿಗೆ ಮೊದಲು ಒಂದು ಶನಿವಾರ ನೋಡಿಬಿಡೋಣವೆಂದು ಲೈವಿಗೆ ಕುಳಿತಳು. ಖುಶನುಮಾ ಇನ್ನೂ ಎರಡು ವಾರ ಬೇಡ ಎಂದಿದ್ದಳು. ಮಾವನ ಮಗ್ಗ ನಡೆದಿತ್ತು, ಗೋಡೆಯಾಚೆ ನಾಲ್ಕು ಲೂಮು ನಡೆದಿದ್ದವು. ಕೇಳಿಸುತ್ತಿಲ್ಲ, ಜೋರಾಗಿ ಹೇಳಿ ಎಂದು ಯಾರೋ ಬರೆದರು. ಸುನಂದಾ ಹಳೆಯ ಅಭ್ಯಾಸದಂತೆ ದನಿ ಎತ್ತಿದಳು. ಹತ್ತು ನಿಮಿಷದಲ್ಲಿ ಅದು ಸೀಳಿ, ಹದಿನೈದನೆಯ ನಿಮಿಷಕ್ಕೆ ಗಾಳಿಯಾಯಿತು.

ಊಟದ ಹೊತ್ತಿಗೆ ವಿಜಯಮಹಾಂತೇಶ ಇಳಕಲ್ಲಿಗೆ ಫೋನು ಮಾಡಿ ಮುಗಿಸಿದ್ದ. ಬರುವ ಶನಿವಾರ ಸಂಜೆ ನಾಗಲಿಂಗ ಬರುತ್ತಾನೆ, ಖಣವನ್ನೂ ಪೇಜನ್ನೂ ಒಪ್ಪಿಸಿಬಿಡುವುದು ಎಂದ. ಯಾರೂ ರೊಟ್ಟಿ ಮುರಿಯಲಿಲ್ಲ.

"ಮಗ್ಗ ನಿಂದ್ರಿಸ್ರಿ," ಎಂದಳು ನೀಲಾಬಾಯಿ.

ಎಲ್ಲರೂ ಅವಳ ಕಡೆ ನೋಡಿದರು.

"ಅಕಿ ಗಂಟಲಾಗ ಏನೂ ಇಲ್ಲ. ನನ್ನ ಬೆರಳಿಗೆ ಗೊತ್ತೈತಿ. ಶುಕ್ರವಾರ ಚೊಲೋ ಇರ್ತೈತಿ, ಶನಿವಾರ ಹರೀತೈತಿ. ಯಾಕ? ಶುಕ್ರವಾರ ಮಗ್ಗ ನಿಂತಿರ್ತಾವ."

"ಮಗ್ಗ ನಡ್ಯೂದು ನೋಡಾಕಂತನ ಮಂದಿ ಬರ್ತಾರಬೇ," ಎಂದ ಮಗ. "ನಿಂತ ಮಗ್ಗ ತೋರಿಸಿ ಏನು ಮಾರೂದು?"

"ಅಕಿ ಮಾತಾಡುವಾಗ ನಿಂದ್ರಲಿ. ಅಕಿ ಸುಮ್ಮನಾದಾಗ ನಡೀಲಿ. ನಿಮ್ಮಪ್ಪಗ ಕಾಲು ಎತ್ತಾಕ ಬರೂದಿಲ್ಲೇನು?"

ನಲವತ್ತೈದು ವರ್ಷ ನೇಯ್ದ ಮಗ್ಗವನ್ನು ಒಬ್ಬರು ಮಾತನಾಡಿದಾಗೆಲ್ಲ ನಿಲ್ಲಿಸಿದ್ದು ರಾಚಪ್ಪನಿಗೆ ನೆನಪಿರಲಿಲ್ಲ. ಎಳೆ ಹರಿದರೆ ನಿಲ್ಲಿಸುತ್ತೇವಲ್ಲ, ಹಾಗೆಂದು ತಿಳಿದರಾಯಿತು ಎಂದು ಕೊನೆಗೆ ಹೇಳಿ ರೊಟ್ಟಿ ಮುರಿದ. ನಾಗಲಿಂಗ ಬರುವುದು ಬರಲಿ, ಬಂದು ನೋಡಲಿ, ಆಮೇಲೆ ಕೊಡುವುದಿದ್ದರೆ ಕೊಡು ಎಂದು ಮಗನಿಗೆ ಹೇಳಿದ.

ಜಲಾಲುದ್ದೀನನ ಹತ್ತಿರ ನೀಲಾಬಾಯಿಯೇ ಹೋದಳು. ಅವಳು ಕಿವಿ ಕಳೆದುಕೊಂಡದ್ದು ಅವನ ತಂದೆಯ ಶೆಡ್ಡಿನಲ್ಲಿ. ಆ ಮಾತನ್ನು ಅವಳು ಎಂದೂ ಆಡಿರಲಿಲ್ಲ, ಅಂದೂ ಆಡಲಿಲ್ಲ. ಶನಿವಾರ ಎರಡು ತಾಸು ಲೂಮು ನಿಲ್ಲಿಸಬೇಕು ಎಂದಷ್ಟೇ ಕೇಳಿದಳು.

"ಶುಕ್ರವಾರದ ಹೊತ್ತು ನಿಮಗ ಪುಕ್ಕಟೆ ಕೊಟ್ಟೇನಿ, ಚಿಗವ್ವಾ. ಈಗ ಶನಿವಾರನೂ ಬೇಕೇನು?" ಎಂದು ಅವನು ನಕ್ಕ. ಮಷೀನುಗಳಿಗೆ ಎಣ್ಣೆ ಬಿಡುವ ಕೆಲಸ ಉಳಿದಿದೆ, ಅದನ್ನು ಆ ಹೊತ್ತಿಗೆ ಇಟ್ಟುಕೊಳ್ಳುತ್ತೇನೆ ಎಂದ.

ಪಂಚಮಿಯ ಹಿಂದಿನ ಶನಿವಾರ ಆರು ಗಂಟೆಗೆ ಗೋಡೆಯಾಚೆಯ ಸದ್ದು ನಿಂತಿತು. ನಾಗಲಿಂಗ ಬಂದು ಕಟ್ಟೆಯ ಮೇಲೆ ಚಹಾ ಹಿಡಿದು ಕುಳಿತಿದ್ದ. ಸುನಂದಾ ಫೋನಿನ ಮುಂದೆ ಕುಳಿತಳು. ಅವಳ ಹಿಂದೆ, ಚಿತ್ರದಲ್ಲಿ ಕಾಣುವಂತೆಯೇ, ನೀಲಾಬಾಯಿ ಚಕ್ಕಳಬಕ್ಕಳ ಹಾಕಿ ಕುಳಿತು ಒಂದು ಅಂಗೈಯನ್ನು ಸೊಸೆಯ ಬೆನ್ನಿಗೆ ಇಟ್ಟಳು. ಇನ್ನೊಂದನ್ನು ಮಗ್ಗದ ಕಡೆಗೆ ಚಾಚಿ ಹಿಡಿದಳು. ಸೊಸೆಯ ಮಾತಿಗೆ ಬೆನ್ನು ನಡುಗಿದರೆ ಆ ಕೈ ಮೇಲೆ. ರಾಚಪ್ಪ ಕಾಲು ಎತ್ತುತ್ತಿದ್ದ. ಬೆನ್ನು ಸುಮ್ಮನಾದರೆ ಕೈ ಕೆಳಗೆ, ಲಾಳಿ ಓಡುತ್ತಿತ್ತು.

ಸುನಂದಾ ಮೊದಲ ಖಣ ಬಿಚ್ಚಿ ರಾಗದಲ್ಲಿಯೇ ಆರಂಭಿಸಿದಳು: ಲಾಭಾ. ಅಲ್ಲಿಂದ ಮಾತಿಗೆ ಇಳಿದಳು. ಇದು ನಮ್ಮ ಮಾವ ಮೂರು ದಿನ ನೇಯ್ದದ್ದು, ಅಂಚು ನೋಡಿರಿ ಎಂದಳು. ದನಿ ಕೆಳಗಿತ್ತು, ಆದರೆ ಒಡೆದಿರಲಿಲ್ಲ. ಅಕ್ಕ ಬಂದಳು ಎಂದು ಜನ ಬರೆದರು. ಕೆಲವರು ಮೊದಲಿನ ದನಿಯೇ ಚೆನ್ನಾಗಿತ್ತು ಎಂದೂ ಬರೆದರು. ಇಪ್ಪತ್ತು ನಿಮಿಷಕ್ಕೊಮ್ಮೆ ಅವಳು ಮಾತು ನಿಲ್ಲಿಸಿ ನೀರು ಕುಡಿಯುತ್ತಿದ್ದಳು, ಆಗ ಮಗ್ಗ ಮಾತನಾಡುತ್ತಿತ್ತು.

ದಾನೇಶ್ವರಿ ಒಬ್ಬಳೇ ಬೇಡಿಕೆಗಳನ್ನು ಬರೆದುಕೊಳ್ಳುತ್ತಿದ್ದಳು. ಏಳು ಗಂಟೆಯ ಹೊತ್ತಿಗೆ ಅವಳ ಕೈ ಸಾಲದಾಯಿತು. ನಾಗಲಿಂಗನ ಪಕ್ಕದಲ್ಲಿ ನಿಂತಿದ್ದ ವಿಜಯಮಹಾಂತೇಶ ಒಳಗೆ ಬಂದು, ಮಗಳ ಕೈಯಿಂದ ಅರ್ಧ ಹಾಳೆ ಹರಿದುಕೊಂಡು, ನೆಲದ ಮೇಲೆ ಕುಳಿತು ಹೆಸರು, ಊರು ಬರೆಯತೊಡಗಿದ. ಹೊರಗೆ ಚಹಾ ಮುಗಿದಿತ್ತು. ನಾಗಲಿಂಗ ಎರಡು ಸಲ ಕರೆದ. ಮೂರನೆಯ ಸಲ ಕರೆಯದೆ, ಕಪ್ಪನ್ನು ಹೊಸ್ತಿಲ ಬದಿಗಿಟ್ಟು ಇಳಕಲ್ ಬಸ್ಸಿಗೆ ಎದ್ದ. ಎಂಟು ಗಂಟೆಗೆ ಫೋನು ಮುಚ್ಚುವಾಗ ಹೋದ ವರ್ಷದಷ್ಟು ಖಣ ಮಾರಾಟವಾಗಿರಲಿಲ್ಲ. ಕಾಲು ಭಾಗ ಉಳಿದಿತ್ತು. ಅದನ್ನು ಬುಧವಾರದೊಳಗೆ ಮಾರೋಣ ಎಂದ ವಿಜಯಮಹಾಂತೇಶ, ಯಾರು ಮಾರುವವರೆಂದು ಹೇಳಲಿಲ್ಲ. ಕೇಳಬೇಕಾದ ಅಗತ್ಯವೂ ಯಾರಿಗೂ ಕಾಣಲಿಲ್ಲ.

ಗೋಡೆಯಾಚೆ ಲೂಮುಗಳು ಮತ್ತೆ ಶುರುವಾದವು. ಅತ್ತೆ-ಸೊಸೆ ಅಡಿಗೆಮನೆಗೆ ಬಂದರು. ನೀಲಾಬಾಯಿ ಮಧ್ಯಾಹ್ನವೇ ರೊಟ್ಟಿ ಬಡಿದು ಅರಿವೆಯಲ್ಲಿ ಸುತ್ತಿಟ್ಟಿದ್ದಳು. ಒಲೆಯ ಮೇಲೆ ಬದನೆಕಾಯಿ ಪಲ್ಯ ಬಿಸಿಮಾಡುತ್ತ ಅವಳು ಕೇಳಿದಳು:

"ಎರಡು ತಾಸು ಕುಂತು ಅದೇನ ಹೇಳ್ತಿ ಅವರಿಗೆ? ನಾ ಹಿಂದ ಇದ್ನಿ, ನಿನ್ನ ಮಾರಿ ಕಾಣ್ಲಿಲ್ಲ."

ಸುನಂದಾ ಅವಳೆದುರಿಗೆ ಬಂದು ನಿಂತು, ಹದಿನೇಳು ವರ್ಷದ ರೂಢಿಯಂತೆ, ದನಿಯಿಲ್ಲದೆ ತುಟಿಯಾಡಿಸಿ ಹೇಳಲು ಆರಂಭಿಸಿದಳು. ನೀಲಾಬಾಯಿ ಸೌಟು ಕೆಳಗಿಟ್ಟು, ಎರಡು ಬೆರಳುಗಳನ್ನು ಅವಳ ಗಂಟಲಿಗೆ ಮುಟ್ಟಿಸಿದಳು.

"ಹಾಂಗ ಬ್ಯಾಡ. ದನಿ ಹಚ್ಚಿ ಹೇಳು."

"ನಿಮಗ ಕೇಳಸೂದಿಲ್ಲಲ್ರಿ ಅತ್ತಿ," ಎಂದಳು ಸುನಂದಾ.

"ಕೇಳಸೂದಿಲ್ಲ, ಖರೆ," ಎಂದಳು ನೀಲಾಬಾಯಿ, ಬೆರಳು ತೆಗೆಯದೆ. "ನೀ ಹೇಳು."